ತೊಟ್ಟಿಯ ತಳದ ಸಾಲುಗಳು

ಕಲಾಂದ್ರ ದ್ವೀಪ, 3 ಜೂನ್ 1956

ಮೇಷ್ಟ್ರಿಗೆ ಯಾಕೌಮಿಸ್ ಮಾಡುವ ನಮಸ್ಕಾರಗಳು.

ಯಾವ ಯಾಕೌಮಿಸ್ ಎಂದು ಕೇಳಬೇಡಿ. ಮೇಲುಕೇರಿಯ ಕಲ್ಲುಕುಟಿಗ. ಮೂವತ್ತನೇ ವಯಸ್ಸಿನಲ್ಲಿ, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ ಕೂತು ನಿಮ್ಮಿಂದ ಅಕ್ಷರ ಕಲಿತವನು. ಈ ಕಾಗದದಲ್ಲಿ ತಪ್ಪುಗಳಿದ್ದರೆ ಅದರಲ್ಲಿ ನಿಮ್ಮ ಪಾಲೂ ಇದೆ.

ನೀವು ದ್ವೀಪ ಬಿಟ್ಟು ಇಪ್ಪತ್ತೆರಡು ವರ್ಷವಾಯಿತು. ಅಷ್ಟೂ ವರ್ಷ ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗಿದ್ದೇನೆ. ಸುತ್ತಿ ಬಳಸಿ ಹೇಳಲು ನನಗೆ ಬಾರದು. ನೀವು ಹೇಳುತ್ತಿದ್ದದ್ದು ನಿಜ. ಹಿಂದಿನ ಕಾಲದಲ್ಲಿ ಬಂಡೆಯಂಥ ಈ ದ್ವೀಪದ ಮೇಲೆ ಊರಿತ್ತು, ಸಭೆಯಿತ್ತು. ಅದಕ್ಕೆ ಸಾಕ್ಷಿಯ ಕಲ್ಲು ನನಗೆ ಸಿಕ್ಕಿತ್ತು. 1933ರಲ್ಲಿ ಮಗಳು ಅನೆಜಿನಾಳಿಗೆ ಮನೆ ಕಟ್ಟುವಾಗ, ಮಳೆನೀರಿನ ತೊಟ್ಟಿಗೆಂದು ನೆಲ ಅಗೆದೆನಲ್ಲ, ಅಲ್ಲಿ. ಬಿಳಿಯ ಕಲ್ಲು, ಮೈತುಂಬ ಅಕ್ಷರ. ಆ ಅಕ್ಷರಗಳು ನನಗೆ ಗೊತ್ತು, ಆದರೆ ಮಾತು ಅರ್ಥವಾಗಲಿಲ್ಲ.

ನಮ್ಮ ಕಡೆಯ ಗಾದೆ ನಿಮಗೆ ಗೊತ್ತಿದೆ: ಹಳೆ ಕಲ್ಲು ಸಿಕ್ಕರೆ ಗುಂಡಿ ಮುಚ್ಚು, ಬಾಯಿಯನ್ನೂ ಮುಚ್ಚು. ಸರ್ಕಾರದವರಿಗೆ ತಿಳಿದರೆ ಆ ಜಾಗದಲ್ಲಿ ಮತ್ತೆ ಗೋಡೆ ಏಳುವುದಿಲ್ಲ. ಮನೆಯಿಲ್ಲದ ಹುಡುಗಿಯನ್ನು ಈ ದ್ವೀಪದಲ್ಲಿ ಯಾರು ಮದುವೆಯಾಗುತ್ತಾರೆ? ಒಡೆದು ಸುಣ್ಣ ಸುಡೋಣವೆಂದರೆ, ಅಕ್ಷರ ಕಲಿತ ಕೈ ಒಪ್ಪಲಿಲ್ಲ. ತೊಟ್ಟಿಯ ಗೋಡೆಯಲ್ಲೇ ಅದನ್ನು ನಿಲ್ಲಿಸಿ, ಅಕ್ಷರದ ಮೇಲೆ ಗಾರೆ ಬಳಿದೆ.

ಮರುವರ್ಷ ನೀವು ಅಥೆನ್ಸಿನ ಪಂಡಿತರನ್ನು ಕರೆಸಿದಿರಿ. ಗುಡ್ಡದ ಮೇಲೆ ನೀವು ತೋರಿಸಿದ ಕಡೆ ಹನ್ನೊಂದು ದಿನ ಅಗೆದವರಲ್ಲಿ ನಾನೂ ಒಬ್ಬ. ಅಲ್ಲಿ ಏನೂ ಸಿಗದೆಂದು ತಿಳಿದೇ ಅಗೆದೆ. ಆ ಪಂಡಿತ ಮೇಕೆಯ ಮೂಳೆಯೊಂದನ್ನು ಎತ್ತಿ ಹಿಡಿದು, ಇದೋ ನಿಮ್ಮ ಸಭೆಯ ಅಧ್ಯಕ್ಷರು ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈಗ ಗಾರೆಯನ್ನು ಕೆತ್ತಿ ತೆಗೆಯುತ್ತಿದ್ದೇನೆ. ಮೊದಲ ಸಾಲಿನ ಮೇಲೆ ಕಾಗದ ಒತ್ತಿ, ಇದ್ದಿಲು ಉಜ್ಜಿ ಕಳಿಸಿದ್ದೇನೆ. ಕ್ಷಮಿಸಿ ಎಂದು ಬರೆಯಲು ಧೈರ್ಯವಿಲ್ಲ. ಆದರೂ ಬರೆದೆ.

ಯಾಕೌಮಿಸ್

—

ಪಿರೇಯಸ್, 19 ಜೂನ್ 1956

ಯಾಕೌಮಿಸ್,

ಆ ದ್ವೀಪದ ಅಂಚೆಮುದ್ರೆಯಿದ್ದ ಪ್ರತಿಯೊಂದು ಲಕೋಟೆಯನ್ನೂ ಇಪ್ಪತ್ತೆರಡು ವರ್ಷದಿಂದ ಒಡೆಯದೆ ವಾಪಸ್ ಕಳಿಸಿದ್ದೇನೆ. ಈಗ ಕಣ್ಣಿಗೆ ಪೊರೆ ಬಂದಿದೆ. ಮುದ್ರೆ ಕಾಣಲಿಲ್ಲ, ಒಡೆದುಬಿಟ್ಟೆ. ನಿನ್ನ ಅದೃಷ್ಟ.

ನಿನ್ನ ಮಾತುಗಳಿಗೆ ನಾನು ಉತ್ತರ ಕೊಡುವುದಿಲ್ಲ. ಕಲ್ಲಿನ ಮಾತಿಗೆ ಮಾತ್ರ ಕೊಡುತ್ತೇನೆ. ಸಾಲು ಹೀಗಿದೆ: "ಸಭೆಗೂ ಜನಕ್ಕೂ ಸರಿಯೆಂದು ತೋರಿತು." ಇದು ಹಳೆಯ ಊರುಗಳ ತೀರ್ಮಾನಗಳು ತೊಡಗುವ ರೀತಿ. ಆದರೆ ಯಾವ ಊರಿನ ಸಭೆ? ಇದು ಪಕ್ಕದ ದೊಡ್ಡ ದ್ವೀಪ ನಾಕ್ಸೋಸ್‌ನ ಕಲ್ಲೂ ಆಗಿರಬಹುದು. ನಮ್ಮ ಬಂಡೆ ಹಿಂದೆ ನಾಕ್ಸೋಸ್‌ನವರ ಮೇಕೆ ಮೇಯುವ ಜಾಗವಾಗಿತ್ತು, ಅಷ್ಟೇ, ಎಂದಲ್ಲವೇ ಆ ಪಂಡಿತ ತೀರ್ಪು ಕೊಟ್ಟದ್ದು? ಊರಿನ ಹೆಸರು ಇಂಥ ಕಲ್ಲುಗಳಲ್ಲಿ ಹೆಚ್ಚಾಗಿ ಕೊನೆಗೆ ಬರುತ್ತದೆ, ಕಲ್ಲನ್ನು ಯಾರು ಎಲ್ಲಿ ನಿಲ್ಲಿಸಬೇಕೆಂದು ಹೇಳುವಲ್ಲಿ. ಕೊನೆಯ ಸಾಲುಗಳನ್ನು ಕಳಿಸು.

ಯಾನಿನಾದ ಫೆದೋನ್, ನಿವೃತ್ತ ಶಿಕ್ಷಕ

—

ಕಲಾಂದ್ರ, 8 ಜುಲೈ 1956

ಮೇಷ್ಟ್ರೇ,

ಕೊನೆಯ ಸಾಲುಗಳು ನೀರಿನ ಕೆಳಗಿವೆ. ಈ ಸಲ ಚಳಿಗಾಲದ ಮಳೆ ಚೆನ್ನಾಗಿತ್ತು, ಅದೇ ಈಗ ಕಷ್ಟಕ್ಕೆ ಬಂತು. ಏಣಿ ಇಳಿಸಿ, ಮೇಲೆ ಬಾಯಿಯ ಬಳಿ ಅನೆಜಿನಾಳ ಕನ್ನಡಿಯನ್ನು ಓರೆಯಾಗಿ ಇಟ್ಟು, ಬಿಸಿಲನ್ನು ಒಳಗೆ ಬೀಳಿಸುತ್ತೇನೆ. ಮಧ್ಯಾಹ್ನ ಒಂದು ಗಂಟೆ ಹೊತ್ತು ಮಾತ್ರ ಅಕ್ಷರ ಕಾಣುತ್ತದೆ. ಇನ್ನೂ ನಾಲ್ಕು ಸಾಲು ಸಿಕ್ಕಿವೆ, ಕಳಿಸಿದ್ದೇನೆ. ನೀರು ಇಳಿದ ಹಾಗೆ ಮಿಕ್ಕದ್ದು.

ನಾನು ದಿನವೂ ತೊಟ್ಟಿಗಿಳಿಯುವುದನ್ನು ಪಕ್ಕದ ಮನೆಯ ಮಾರೂಲ್ಯೋ ಮುದುಕಿ ನೋಡಿಬಿಟ್ಟಿದ್ದಾಳೆ. ನಿಮಗೆ ನೆನಪಿರಬೇಕು, ನಾಲಗೆಯಲ್ಲಿ ಉಳಿ ಇಟ್ಟುಕೊಂಡವಳು. "ಏನೋ ಯಾಕೌಮಿಸ್, ಬಿಸ್ಲಿಗೆ ಮೀನಾಗ್ಬಿಟ್ಯಾ? ನೀನು ಕಾಲದ್ದಿದ ನೀರನ್ನ ನೀನೇ ಕುಡೀತೀಯಲ್ಲ, ಥೂ" ಎಂದಳು. ಬಿರುಕು ಮುಚ್ಚುತ್ತಿದ್ದೇನೆ ಎಂದೆ. ಅದೂ ಸುಳ್ಳಲ್ಲ.

ಕಾಫಿ ಅಂಗಡಿಯಲ್ಲಿ ನಿಮ್ಮ ಕುರ್ಚಿ ಕಿಟಕಿಯ ಬಳಿ ಹಾಗೇ ಇದೆ. ಯಾರಾದರೂ ಹೊಸಬರು ಕೂತರೆ, ಅದು ಪರದೇಶಿ ಮೇಷ್ಟ್ರ ಕುರ್ಚಿ ಎನ್ನುತ್ತಾರೆ. ಯಾನಿನಾದಿಂದ ಬಂದು ಇಪ್ಪತ್ತು ವರ್ಷ ನಮ್ಮ ಮಕ್ಕಳಿಗೆ ಪಾಠ ಹೇಳಿದರೂ ಪರದೇಶಿ ಎನ್ನುವುದನ್ನು ಬಿಡಲಿಲ್ಲ ಈ ಜನ.

ಯಾಕೌಮಿಸ್

—

ಪಿರೇಯಸ್, 24 ಜುಲೈ 1956

ಯಾಕೌಮಿಸ್,

ನಾಲ್ಕು ಸಾಲುಗಳ ಅರ್ಥ: ಅನಾಕ್ಸಿಪ್ಪೋಸ್ ಎಂಬ ಪರಸ್ಥಳದ ವೈದ್ಯ, ಊರಿಗೆ ಬೇನೆ ಬಿದ್ದು ಜನ ಹೇಳಿ ಕಳಿಸಿದಾಗ, ತಡಮಾಡದೆ ಬಂದನು. ಒಳ್ಳೆಯ ಕಾಲದ ಅಕ್ಷರ, ಎರಡು ಸಾವಿರದ ಇನ್ನೂರು ವರ್ಷದ ಹಿಂದಿನದು.

ಉತ್ತರ ಕೊಡುವುದಿಲ್ಲ ಎಂದಿದ್ದೆ. ಆದರೆ ಈ ಕಾಗದವನ್ನು ಮೂರು ಸಲ ಬರೆದು ಹರಿದೆ, ಆದ್ದರಿಂದ ಹೇಳಿಬಿಡುತ್ತೇನೆ. ಅಥೆನ್ಸಿಗೆ ಕಪ್ಪ ಕೊಡುತ್ತಿದ್ದ ಊರುಗಳ ಹಳೆಯ ಪಟ್ಟಿಯಲ್ಲಿ ಒಂದು ಒಡೆದ ಸಾಲಿದೆ. ಮೂರು ಅಕ್ಷರ ಉಳಿದಿವೆ: ಕ, ಲಾ, ನ. ಆ ಮೂರು ಅಕ್ಷರ ನಮ್ಮ ದ್ವೀಪದ್ದೆಂದು ನಾನು ನಂಬಿದೆ. ಯಾರ ಹಂಗೂ ಇಲ್ಲದೆ, ತನ್ನ ಹೆಸರಿನಲ್ಲಿ ತಾನೇ ಕಪ್ಪ ಕಟ್ಟಿದ ಒಂದು ಪುಟ್ಟ ಊರು. ನಿಮ್ಮ ಮಕ್ಕಳಿಗೆ ಅದನ್ನು ಹೇಳಿದೆ, ಅವರು ಬೆನ್ನು ನೆಟ್ಟಗೆ ಮಾಡಿ ಕೂತು ಕೇಳಿದರು. ಆಮೇಲೆ ಬೆಟ್ಟ ಅಗೆದು ಮೇಕೆ ಮೂಳೆ ಹಿಡಿದದ್ದಾಯಿತು. ನಾನು ಇಲ್ಲಿನ ಶಾಲೆಗೆ ಬಂದಾಗ ಆ ಕಥೆ ನನಗಿಂತ ಮೊದಲು ಬಂದಿತ್ತು. ಮಕ್ಕಳು ನನ್ನ ಬೆನ್ನ ಹಿಂದೆ ಮೇಕೆಯಂತೆ ಕೂಗುತ್ತಿದ್ದರು. ಹನ್ನೆರಡು ವರ್ಷ ಕೂಗಿದರು, ಯಾಕೌಮಿಸ್.

ಆ ಹನ್ನೊಂದು ದಿನ ಸಂಜೆ ನೀನು ನನ್ನ ಜೊತೆ ಕಾಫಿ ಕುಡಿದೆ. "ನಾಳೆ ಸಿಕ್ಕೇ ಸಿಗ್ತದೆ ಬಿಡಿ ಮೇಷ್ಟ್ರೇ" ಅಂದೆ. ಪಂಡಿತನ ಮಾತನ್ನು ಮರೆಯಬಲ್ಲೆ, ನಿನ್ನ ಆ ಮಾತನ್ನು ಮರೆಯಲಾರೆ.

ಅನೆಜಿನಾಳಿಗೆ ಇದೆಲ್ಲ ಗೊತ್ತೇ? ಚರ್ಚಿನಲ್ಲಿ ದೀಕ್ಷಾಸ್ನಾನದ ದಿನ ಅವಳನ್ನು ನೀರಿನಿಂದ ಎತ್ತಿ ಹಿಡಿದು ಹೆಸರಿಟ್ಟ ಧರ್ಮಪಿತ ನಾನು. ಯಾರ ಮರ್ಯಾದೆಯ ಮೇಲೆ ತನ್ನ ಮನೆ ನಿಂತಿದೆಯೆಂದು ಅವಳಿಗೆ ತಿಳಿದಿದೆಯೇ? ಕೇಳಿ ಬರೆ.

ಯಾನಿನಾದ ಫೆದೋನ್

—

ಕಲಾಂದ್ರ, 10 ಆಗಸ್ಟ್ 1956

ಮೇಷ್ಟ್ರೇ,

ಎರಡು ಸಾಲು ಸಿಕ್ಕಿವೆ, ಕಳಿಸಿದ್ದೇನೆ. ಉತ್ತರದ ಗಾಳಿ ಹತ್ತು ದಿನದಿಂದ ಬಿಟ್ಟಿಲ್ಲ. ಅಂಜೂರ ಹಣ್ಣಾಗಿವೆ. ನಿಮಗೆ ಒಣಗಿಸಿ ಕಳಿಸುತ್ತೇನೆ.

ಯಾಕೌಮಿಸ್

—

ಪಿರೇಯಸ್, 20 ಆಗಸ್ಟ್ 1956

ಯಾಕೌಮಿಸ್,

ಎರಡು ಸಾಲುಗಳ ಅರ್ಥ: ಮಿಕ್ಕವರು ಹಡಗು ಹತ್ತಿ ಹೊರಟಾಗಲೂ ಅವನು ಹೊರಡಲಿಲ್ಲ. ಬಡವ ಬಲ್ಲಿದ ಎನ್ನದೆ ಎಲ್ಲರ ಬಾಗಿಲಿಗೂ ಹೋದನು.

ನಾನು ಅಂಜೂರ ಕೇಳಲಿಲ್ಲ. ಅನೆಜಿನಾಳ ಬಗ್ಗೆ ಕೇಳಿದೆ.

ಫೆದೋನ್

—

ಕಲಾಂದ್ರ, 2 ಸೆಪ್ಟೆಂಬರ್ 1956

ಮೇಷ್ಟ್ರೇ,

ಅನೆಜಿನಾ ಇಲ್ಲ. 1942ರ ಫೆಬ್ರವರಿಯಲ್ಲಿ ಹೋದಳು.

ಆ ಚಳಿಗಾಲ ನಿಮ್ಮ ಕಡೆಯೂ ಹಸಿವಿತ್ತು, ಗೊತ್ತು. ಇಲ್ಲಿ ದ್ವೀಪ ಹಿಡಿದಿದ್ದ ಶತ್ರು ಸೈನ್ಯದವರು ಹಿಟ್ಟು ತರುವ ದೋಣಿಗಳನ್ನೇ ನಿಲ್ಲಿಸಿದ್ದರು. ಬೆಟ್ಟದ ಸೊಪ್ಪು ಕಿತ್ತು, ಎಣ್ಣೆಯಿಲ್ಲದೆ, ಬರೀ ನೀರಿನಲ್ಲಿ ಬೇಯಿಸಿ ತಿಂದೆವು. ಅವಳ ಗಂಡ ಹಡಗಿನಲ್ಲಿದ್ದವನು, ಯುದ್ಧ ಶುರುವಾದ ವರ್ಷವೇ ಮುಳುಗಿದ. ಅವಳಿಗೆ ಜ್ವರ ಬಂತು. ವೈದ್ಯರು ಎರಡು ದ್ವೀಪದಾಚೆ. ಯಾವ ದೋಣಿಯೂ ಹೋಗಲಿಲ್ಲ, ಯಾರೂ ಬರಲಿಲ್ಲ. ಆರು ದಿನ ಬೇರೇನೂ ಬೇಡವೆಂದು ತೊಟ್ಟಿಯ ನೀರು ಮಾತ್ರ ಕೇಳಿದಳು. ಆ ಕಲ್ಲಿಗೆ ತಾಗಿದ್ದ ನೀರನ್ನೇ ಸೇದಿ ಕುಡಿಸಿದೆ. ಅದರಲ್ಲಿ ವೈದ್ಯನೊಬ್ಬನ ಕಥೆ ಬರೆದಿದೆಯೆಂದು ನನಗೆ ಆಗ ಗೊತ್ತಿರಲಿಲ್ಲ. ನೀವು ಅರ್ಥ ಬರೆದು ಕಳಿಸಿದ ದಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಅತ್ತೆ. ಆ ಹಳೆಯ ಕಾಲದವರಿಗೆ ಒಬ್ಬ ಬಂದನಲ್ಲ ಎಂದು ಹೊಟ್ಟೆ ಉರಿಯಿತು.

ಅವಳಿಗೆ ಕಲ್ಲಿನ ವಿಷಯ ತಿಳಿದಿರಲಿಲ್ಲ. ನೀವು ಯಾಕೆ ಸಿಟ್ಟಾದಿರೆಂದೂ ತಿಳಿದಿರಲಿಲ್ಲ. ಮದುವೆಗೆ ಕರೆದು ನಿಮಗೆ ಬರೆದಿದ್ದಳು. ಲಕೋಟೆ ಒಡೆಯದೆ ವಾಪಸ್ ಬಂತು. ಅವಳೂ ಅದನ್ನು ಒಡೆಯದೆ ಪೆಟ್ಟಿಗೆಯಲ್ಲಿಟ್ಟಳು. ಇದರೊಳಗೆ ಇಟ್ಟಿದ್ದೇನೆ, ಅದು ನಿಮ್ಮದು.

ಯಾರಿಗಾಗಿ ಬಾಯಿ ಮುಚ್ಚಿಕೊಂಡೆನೋ ಅವಳ ಮನೆಯಲ್ಲಿ ಈಗ ನಾನೊಬ್ಬನೇ ಇದ್ದೇನೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ, ಹದಿನಾಲ್ಕು ವರ್ಷದಿಂದ ಆ ತೊಟ್ಟಿಯದೇ ಕುಡಿಯುತ್ತಿದ್ದೇನೆ.

ನೀರು ತಾನಾಗಿ ಇಳಿಯುವ ತನಕ ಇನ್ನು ಕಾಯಲಾರೆ. ಮಳೆ ಬಂದರೆ ಮತ್ತೆ ಒಂದು ವರ್ಷ. ನಿಮ್ಮ ಕಣ್ಣು ಅಲ್ಲಿಯ ತನಕ ಇರುತ್ತದೋ ಇಲ್ಲವೋ. ನಿನ್ನೆಯಿಂದ ತೊಟ್ಟಿ ಖಾಲಿ ಮಾಡುತ್ತಿದ್ದೇನೆ. ಚೆಲ್ಲಲು ಮನಸ್ಸು ಬರಲಿಲ್ಲ. ಕೇರಿಗೆಲ್ಲ ಹೊತ್ತು ಹಂಚುತ್ತಿದ್ದೇನೆ, ಚರ್ಚಿನ ಕಾಮಕಸ್ತೂರಿ ಕುಂಡಗಳಿಗೂ ಹಾಕಿದೆ. ಮಾರೂಲ್ಯೋ ತನ್ನ ಕೊಡ ತುಂಬಿಸಿಕೊಂಡು, "ಸೆಪ್ಟೆಂಬರಲ್ಲಿ ನೀರು ಹಂಚೋನು ಸಾಯೋಕೆ ಹೊರಟೋನೇ. ಪಾದ್ರಿನ ಕರೀಲೇನೋ?" ಎಂದು ಕೇಳಿದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಯಾಕೌಮಿಸ್

—

ಪಿರೇಯಸ್, 15 ಸೆಪ್ಟೆಂಬರ್ 1956

ಯಾಕೌಮಿಸ್,

ಅವಳ ಪತ್ರ ಓದಿದೆ. ಭೂತಗನ್ನಡಿ ಹಿಡಿದು ಎರಡು ದಿನ ಓದಿದೆ. ಮದುವೆಯ ಕಿರೀಟಗಳನ್ನು ನೀವೇ ಬಂದು ನಮ್ಮ ತಲೆಗಿಡಬೇಕು, ಬೇರೆಯವರು ಇಟ್ಟರೆ ನಾನು ತಲೆ ಬಗ್ಗಿಸುವುದಿಲ್ಲ ಎಂದು ಬರೆದಿದ್ದಾಳೆ. ಅಪ್ಪ ನಿಮ್ಮ ಹೆಸರೆತ್ತಿದರೆ ಎದ್ದು ಹೊರಗೆ ಹೋಗುತ್ತಾನೆ, ನೀವಿಬ್ಬರೂ ಯಾಕೆ ಹೀಗೆ ಎಂದು ಕೇಳಿದ್ದಾಳೆ. ಎರಡು ಕಡೆ ಕಾಗುಣಿತ ತಪ್ಪಿದೆ.

ನೀನು ಒಂದು ಕಲ್ಲನ್ನು ಬಚ್ಚಿಟ್ಟೆ. ನಾನು ಒಂದು ಹುಡುಗಿಗೆ ಉತ್ತರ ಕೊಡಲಿಲ್ಲ. ಯಾವುದು ದೊಡ್ಡದು ಎಂದು ಅಳೆಯಲು ಇಲ್ಲಿ ನನ್ನ ಕೋಣೆಯಲ್ಲಿ ಯಾರೂ ಇಲ್ಲ.

ನಾನು ಬರುತ್ತೇನೆ. ಅಕ್ಟೋಬರ್ ಮೂರರ ಬುಧವಾರದ ಹಡಗು. ಕೊನೆಯ ಸಾಲುಗಳನ್ನು ನೀನು ಉಜ್ಜಿ ಕಳಿಸಬೇಡ. ನಾನೇ ತೊಟ್ಟಿಗಿಳಿದು ಬೆರಳಲ್ಲಿ ಓದುತ್ತೇನೆ. ಕಣ್ಣಿಗಿಂತ ಬೆರಳು ಈಗ ವಾಸಿ. ಮೊದಲು ಅವಳ ಸಮಾಧಿಗೆ ಕರೆದುಕೊಂಡು ಹೋಗು, ದೀಪಕ್ಕೆ ಎಣ್ಣೆ ನಾನೇ ತರುತ್ತೇನೆ. ನನ್ನ ಕುರ್ಚಿಯನ್ನು ಒರೆಸಿಡಲು ಹೇಳು.

ಫೆದೋನ್

—

ಕಲಾಂದ್ರ, 6 ಅಕ್ಟೋಬರ್ 1956

ಮೇಷ್ಟ್ರೇ,

ಬುಧವಾರ ಬೆಳಗಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಂದರಿನಲ್ಲಿ ನಿಂತಿದ್ದೆ. ನಾನೊಬ್ಬನೇ ಅಲ್ಲ. ಕಾಫಿ ಅಂಗಡಿಯವರೆಲ್ಲ ಬಂದಿದ್ದರು, ಮಾರೂಲ್ಯೋ ಕೂಡ ಬಾರ್ಲಿ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಹಡಗು ಬಂದಾಗ ದಕ್ಷಿಣದ ಗಾಳಿ ಎದ್ದಿತ್ತು. ನಮ್ಮ ಬಂದರಿಗೆ ಹಡಗು ತಾಗುವುದಿಲ್ಲ, ದೋಣಿ ಹೋಗಿ ಜನರನ್ನು ಇಳಿಸಿಕೊಳ್ಳಬೇಕು, ಅದು ನಿಮಗೆ ಗೊತ್ತು. ದೋಣಿಯ ನಿಕಿತಾಸ್ ಹಗ್ಗ ಬಿಚ್ಚಲೇ ಇಲ್ಲ. ನಾನು ಅವನ ಕಾಲು ಹಿಡಿಯುವುದೊಂದು ಬಾಕಿ. "ತಾತಾ, ನಿಂಗೆ ಸಾಯ್ಬೇಕಂದ್ರೆ ಈಜ್ಕೊಂಡು ಹೋಗು. ಅವ್ರನ್ನ ಯಾಕೆ ಸಾಯಿಸ್ತೀಯ?" ಅಂದ. ಅವನು ಹೇಳಿದ್ದು ಸರಿಯೇ.

ನೀವು ಕಂಬಿ ಹಿಡಿದು ನಿಂತಿದ್ದಿರಿ. ಕಪ್ಪು ಕೋಟು, ಕೈಯಲ್ಲಿ ಹ್ಯಾಟು, ಕಂಕುಳಲ್ಲಿ ಎಣ್ಣೆಯ ಡಬ್ಬಿ. ತಲೆ ಪೂರ್ತಿ ಬೆಳ್ಳಗಾಗಿದೆ. ಮೇಷ್ಟ್ರೇ ಎಂದು ಕೂಗಿದೆ, ಗಂಟಲು ಹರಿಯುವ ಹಾಗೆ ಕೂಗಿದೆ. ಆದರೆ ನೀವು ನೋಡುತ್ತಿದ್ದದ್ದು ನಮ್ಮ ಕಡೆಯಲ್ಲ, ಗುಡ್ಡದ ಕಡೆ, ನಾವು ಹನ್ನೊಂದು ದಿನ ಅಗೆದ ಕಡೆ. ಹಡಗು ಮೂರು ಸಲ ಕೂಗಿ ತಿರುಗಿತು. ಆಗ ನೀವು ಕೈ ಎತ್ತಿದಿರಿ. ನನಗೆ ಎತ್ತಿದಿರೋ ಗುಡ್ಡಕ್ಕೆ ಎತ್ತಿದಿರೋ ತಿಳಿಯಲಿಲ್ಲ.

ಸಂಜೆ ಮೋಡ ಕಟ್ಟಿತು. ನಿಮ್ಮ ಮಾತು ಮೀರಿ ತೊಟ್ಟಿಗಿಳಿದೆ. ಮಳೆ ಬಿದ್ದರೆ ಎಲ್ಲ ಮುಗಿಯುತ್ತಿತ್ತು. ತಳದ ಗಾರೆ ಕೆತ್ತಿದೆ. ನಾಲ್ಕು ಸಾಲು ಇವೆ, ಕಾಗದ ಗಟ್ಟಿಯಾಗಿ ಒತ್ತಿ, ಉಜ್ಜಿ ಇದರೊಳಗೆ ಇಟ್ಟಿದ್ದೇನೆ. ನಾಲ್ಕನೆಯದರ ನಡುವೆ ಕಲ್ಲು ಮುಗಿಯುತ್ತದೆ.

ಅದು ಹಳೆಯ ಒಡಕಲ್ಲ, ಮೇಷ್ಟ್ರೇ. ಉಳಿಯ ಗುರುತಿದೆ. ನನ್ನ ಉಳಿ. ಎಡಗೈಯವನ ಏಟು ಎತ್ತ ಬಾಗುತ್ತದೆಂದು ನನಗೆ ಗೊತ್ತಿಲ್ಲವೇ? ಅಂದು ಕಲ್ಲಿನ ಬುಡಕ್ಕೆ ಮಣ್ಣು ಮೆತ್ತಿತ್ತು, ಅಲ್ಲಿ ಅಕ್ಷರವಿದೆಯೆಂದು ಕಾಣಲಿಲ್ಲ. ತಳ ಸಮನಾಗಿ ಕೂರಲೆಂದು ಒಂದು ಗೇಣು ಕೊಚ್ಚಿ ತೆಗೆದೆ. ಕಲ್ಲುಕುಟಿಗನ ಕೈ ಓರೆ ಕಂಡರೆ ಸುಮ್ಮನಿರುವುದಿಲ್ಲ. ಚೂರುಗಳನ್ನು ಸುಣ್ಣದ ಗೂಡಿಗೆ ಹಾಕಿದೆ, ಆ ಸುಣ್ಣವನ್ನು ಮನೆಯ ಗೋಡೆಗೆ ಬಳಿದೆ. ಒಡೆಯಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಊರಿನ ಹೆಸರನ್ನೇ ಸುಟ್ಟಿದ್ದೆ.

ನಿಮಗೆ ಕೊಡಲು ನನ್ನ ಬಳಿ ಇದ್ದದ್ದು ಅದೊಂದೇ. ಅದೂ ಇಲ್ಲ. ಈಗ ಮಳೆ ಹೊಯ್ಯುತ್ತಿದೆ. ತೊಟ್ಟಿಗೆ ನೀರು ಬೀಳುವ ಸದ್ದು ಇಲ್ಲಿಗೆ ಕೇಳುತ್ತಿದೆ.

ಯಾಕೌಮಿಸ್

—

ಪಿರೇಯಸ್, 11 ನವೆಂಬರ್ 1956

ಪ್ರೀತಿಯ ಯಾಕೌಮಿಸ್,

ತಡವಾಯಿತು. ಈ ಪತ್ರವನ್ನು ದಿನಕ್ಕೆ ನಾಲ್ಕು ಸಾಲಿನಂತೆ ಬರೆದಿದ್ದೇನೆ. ಒಂದು ಸಾಲು ಇನ್ನೊಂದರ ಮೇಲೆ ಹತ್ತಿದ್ದರೆ ಹೊಂದಿಸಿಕೊಂಡು ಓದು.

ನಾನು ಕೈ ಎತ್ತಿದ್ದು ಗುಡ್ಡಕ್ಕಲ್ಲ. ನನಗೆ ಗುಡ್ಡವೂ ಕಾಣಲಿಲ್ಲ, ಬಂದರೂ ಕಾಣಲಿಲ್ಲ. ಬೆಳಕಿನಲ್ಲಿ ಒಂದು ಕಂದು ಬಣ್ಣದ ಮುದ್ದೆ, ಅಷ್ಟೇ. ಆದರೆ ಗಾಳಿ ನಿನ್ನ ಕಡೆಯಿಂದ ಒಂದು ಸಲ ತಿರುಗಿತು, ಮೇಷ್ಟ್ರೇ ಎಂದದ್ದು ಕೇಳಿಸಿತು. ಇಪ್ಪತ್ತೆರಡು ವರ್ಷದಿಂದ ನನ್ನನ್ನು ಯಾರೂ ಹಾಗೆ ಕೂಗಿರಲಿಲ್ಲ. ದನಿ ಬಂದ ಕಡೆಗೆ ಕೈ ಎತ್ತಿದೆ. ದಿಕ್ಕು ತಪ್ಪಿದ್ದರೆ ಅದು ಗಾಳಿಯ ತಪ್ಪು.

ಉಳಿದ ಸಾಲುಗಳ ಅರ್ಥ: ಈ ವೈದ್ಯನಿಗೂ ಅವನ ಸಂತತಿಗೂ ಮನೆ ಮತ್ತು ಭೂಮಿ ಹೊಂದುವ ಹಕ್ಕನ್ನು, ಹಬ್ಬಗಳಲ್ಲಿ ಮುಂದಿನ ಪೀಠವನ್ನು, ಯುದ್ಧದಲ್ಲೂ ಶಾಂತಿಯಲ್ಲೂ ಹಡಗಿನಲ್ಲಿ ಬಂದು ಇಳಿಯುವ, ಹೊರಡುವ ಹಕ್ಕನ್ನು ಕೊಡತಕ್ಕದ್ದು. ಈ ತೀರ್ಮಾನವನ್ನು ಕಲ್ಲಿನಲ್ಲಿ ಕೊರೆದು ನಿಲ್ಲಿಸತಕ್ಕದ್ದು. ಮುಂದೆ ಇಲ್ಲ. ಪರಸ್ಥಳದವನಿಗೆ ಒಂದು ಪುಟ್ಟ ಊರು ಕೊಡಬಹುದಾದ್ದನ್ನೆಲ್ಲ ಕೊಟ್ಟಿದ್ದಾರೆ. ಗಾಳಿಯ ಬಗ್ಗೆ ಮಾತ್ರ ಆ ಸಭೆ ಏನನ್ನೂ ತೀರ್ಮಾನಿಸಲಿಲ್ಲ.

ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಉಳಿಯ ಗುರುತಿನ ಸುದ್ದಿ ಓದಿಸಿಕೊಂಡ ದಿನ ನಾನು ಊಟ ಮಾಡಲಿಲ್ಲ. ಆ ಹೆಸರಿಗಾಗಿ ನಲವತ್ತು ವರ್ಷ ಕಾದಿದ್ದೆ. ಆದರೆ ನೀನು ಸುಳ್ಳು ಹೇಳಬಹುದಿತ್ತು, ಹಳೆಯ ಒಡಕು ಎಂದು ಬರೆದಿದ್ದರೆ ಈ ಕುರುಡ ನಂಬುತ್ತಿದ್ದ. ನೀನು ಬರೆಯಲಿಲ್ಲ. ಅದಕ್ಕಾಗಿ ನಿನ್ನನ್ನು ಕ್ಷಮಿಸಿದ್ದೇನೆ. ನೀನೂ, ಅವಳ ಪರವಾಗಿ, ನನ್ನನ್ನು ಕ್ಷಮಿಸು.

ಕಲ್ಲನ್ನು ಯಾರಿಗೂ ತೋರಿಸಬೇಡ. ನೀರಿನಲ್ಲೇ ಇರಲಿ. ಹೆಸರಿಲ್ಲದ ಕಲ್ಲನ್ನು ಅಥೆನ್ಸಿನ ಪಂಡಿತರು ನಾಕ್ಸೋಸ್‌ನ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಹೆಸರು ಎಲ್ಲಿದೆಯೆಂದು ನನಗೂ ನಿನಗೂ ಗೊತ್ತಿದೆಯಲ್ಲ, ಅನೆಜಿನಾಳ ಗೋಡೆಯ ಮೇಲೆ. ವರ್ಷವರ್ಷ ಈಸ್ಟರ್‌ಗೆ ಸುಣ್ಣ ಬಳಿಯುವಾಗ ಆ ಹಳೆಯ ಪದರವನ್ನು ಕೆರೆಯಬೇಡ, ಅದರ ಮೇಲೇ ಬಳಿ.

ವಸಂತದಲ್ಲಿ ಕಡಲು ಶಾಂತವಾದಾಗ ಬರಲು ನೋಡುತ್ತೇನೆ. ನನಗೆ ಎಪ್ಪತ್ತೊಂದು, ಮಾತು ಕೊಡುವುದಿಲ್ಲ. ಎಣ್ಣೆಯ ಡಬ್ಬಿ ಕಿಟಕಿಯ ಬಳಿ ಇದೆ. ಇಲ್ಲಿಂದ ಹಡಗುಗಳ ಕೂಗು ಕೇಳುತ್ತದೆ, ಬುಧವಾರದ್ದು ಯಾವುದೆಂದು ಈಗ ಗುರುತು ಸಿಗುತ್ತದೆ. ನಿನ್ನ ಕಾಗದಗಳನ್ನು ಕೆಳಮನೆಯಾಕೆ ಓದಿ ಹೇಳುತ್ತಾಳೆ, ಅವಳಿಗೆ ಎಲ್ಲದಕ್ಕೂ ಅವಸರ. ಆದ್ದರಿಂದ ಇನ್ನು ಮೇಲೆ ಕಲ್ಲಿನ ಮೇಲೆ ಬರೆದ ಹಾಗೆ ಒತ್ತಿ ಬರೆ. ಹಿಂಬದಿಯಿಂದ ಬೆರಳಾಡಿಸಿ ನಾನೇ ಓದುತ್ತೇನೆ.

ಕಲ್ಲು ಒಡೆದು ಸಾಲು ಕಳೆದುಹೋದರೆ, ಅಲ್ಲಿ ಏನಿದ್ದಿರಬೇಕೆಂದು ಬಲ್ಲವರು ಊಹಿಸಿ ತುಂಬುವ ಪದ್ಧತಿ ಇದೆ. ನಾನು ಹೀಗೆ ತುಂಬಿದ್ದೇನೆ: "ಕಲಾಂದ್ರದ ಜನರು ಇದನ್ನು ಅನೆಜಿನಾಳ ಮನೆಯಲ್ಲಿ ನಿಲ್ಲಿಸತಕ್ಕದ್ದು." ತಪ್ಪಿದ್ದರೆ ತಿದ್ದಲು ಈಗ ಯಾರೂ ಉಳಿದಿಲ್ಲ.

ನಿನ್ನವನು,
ಕಲಾಂದ್ರದ ಫೆದೋನ್